ಬಿ ಹನ್ನೆರಡು ಮತ್ತು ಕಿವಿಯೊಳಗಿನ ಷಡ್ಜ

ಆ ಮಧ್ಯಾಹ್ನ ನಾನು ಪಕ್ಕದ ಮನೆಯ ಕಾಕುವಿನ ಹತ್ತಿರ ಜಗಳ ಮಾಡಬೇಕೆಂದೇ ಹೋಗಿದ್ದೆ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಯಾವುದಾದರೊಂದು ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿ ಸದಾ ನುಡಿಯುತ್ತಲೇ ಇರುತ್ತದೆ. ಹಾಡಲು ಕುಳಿತವರು ನಡುವೆ ಎದ್ದು ಹೋಗಿ ಪಲ್ಯಕ್ಕೆ ಒಗ್ಗರಣೆ ಹಾಕಿ, ತಂಗಿಯ ಜೊತೆ ಫೋನಿನಲ್ಲಿ ಮಾತಾಡಿ, ಒಂದು ನಿದ್ದೆ ಮುಗಿಸಿ ಬಂದರೂ ಡಬ್ಬಿ ತನ್ನ ಪಾಡಿಗೆ ತಾನು ಶ್ರುತಿ ಹಿಡಿದುಕೊಂಡು ಕುಳಿತಿರುತ್ತದೆ. ಅವತ್ತು ಬೆಳಗಿನಿಂದ ನನ್ನ ಕಿವಿಗೆ ಅಂಥದೇ ಒಂದು ಸಣ್ಣ ಗುಂಯ್ ಬೀಳುತ್ತಿತ್ತು. ಊಟ ಮುಗಿಸಿ ಅಡ್ಡಾದರೂ ಬಿಡಲಿಲ್ಲ. ಕಾಕುವಿನ ಡಬ್ಬಿಯೇ ಎಂದು ತೀರ್ಮಾನಿಸಿ ಚಪ್ಪಲಿ ಮೆಟ್ಟಿದೆ.

“ಕಾಕು, ನಿಮ್ಮ ತಂಬೂರಿ ಒಂದ ತಾಸರೆ ಬಂದ್ ಮಾಡ್ರಿ. ಕಣ್ಣ ಮುಚ್ಚಾಕ ಆಗವಲ್ದು,” ಎಂದೆ.

ಕಾಕು ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. “ಅದು ಕೆಟ್ಟು ನಾಕ ದಿನಾ ಆತವಾ. ರಿಪೇರಿಗೆ ಕೊಟ್ಟೇನಿ. ಬೇಕಾರ ಒಳಗ ಬಂದು ನೋಡು,” ಎಂದರು.

ಬೇರೆ ಯಾರಾದರೂ ಆಗಿದ್ದರೆ ನಂಬಿ ವಾಪಸು ಬರುತ್ತಿದ್ದರು. ನಾನು ಒಳಗೆ ಹೋಗಿ ನೋಡಿದೆ. ಸ್ಟೂಲಿನ ಮೇಲೆ ಡಬ್ಬಿಗೆ ಹೊದಿಸುವ ಕಸೂತಿ ಬಟ್ಟೆಯೊಂದೇ ಇತ್ತು. ಗುಂಯ್ ಮಾತ್ರ ನನ್ನ ಜೊತೆಗೇ ಒಳಗೆ ಬಂದಿತ್ತು. ಒಂದು ಹಿಡಿ ಶೇಂಗಾ ಇಸಿದುಕೊಂಡು ಮನೆಗೆ ಬಂದು ಫ್ಯಾನು, ಫ್ರಿಜ್ಜು, ಇನ್ವರ್ಟರ್ ಎಲ್ಲ ಆರಿಸಿದೆ. ಕೊನೆಗೆ ಮೇನ್ ಸ್ವಿಚ್ಚನ್ನೇ ತೆಗೆದೆ. ಕ್ರಿಕೆಟ್ ನೋಡುತ್ತಿದ್ದ ನಮ್ಮ ಮನೆಯವರು ಏನಾಯಿತೆಂದು ಎದ್ದು ಬಂದರು. ಮನೆಯೆಲ್ಲ ಸುಮ್ಮನಾಗಿತ್ತು, ನನ್ನ ಎಡಗಿವಿ ಒಂದನ್ನು ಬಿಟ್ಟು.

ಆ ಎಡಗಿವಿ ನನಗೆ ಅನ್ನ ಹಾಕಿದ್ದು. ಟೆಲಿಫೋನ್ ಕಚೇರಿಯಲ್ಲಿ ನೌಕರಿಗೆ ಸೇರಿದ ಹೊಸತರಲ್ಲಿ ಹುಬ್ಬಳ್ಳಿಯ ಎಕ್ಸ್‌ಚೇಂಜಿನಲ್ಲಿ ಆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟ್ರಂಕ್ ಕಾಲ್ ಕೂಡಿಸುತ್ತಿದ್ದೆ. ಜಿಲ್ಲೆಯ ಮದುವೆ ಮಾತುಕತೆ, ಹೆರಿಗೆಯ ಸುದ್ದಿ, ಹತ್ತಿಯ ದರ ಎಲ್ಲ ಅದರೊಳಗಿಂದಲೇ ಹಾದುಹೋಗಿವೆ. ಮುಂದೆ ಯಂತ್ರಗಳು ಬಂದವು, ನಮ್ಮನ್ನು ಮೇಜಿನ ಕೆಲಸಕ್ಕೆ ಹಾಕಿದರು. ನಿವೃತ್ತಿಯಾದ ಮರುವಾರವೇ ನಾನು ಹಾಡು ಕಲಿಯಲು ಸೇರಿದೆ. ಅರವತ್ತಕ್ಕೆ ಅರಳು ಮರಳು ಎಂದು ನನ್ನ ಅಕ್ಕ ನಕ್ಕಳು. ನಗಲಿ ಬಿಡಿ, ಅವಳು ಅರವತ್ತಕ್ಕೆ ಗೋವಾಕ್ಕೆ ಹೋಗಿ ಹ್ಯಾಟು ಹಾಕಿಕೊಂಡು ಫೋಟೊ ಹೊಡೆಸಿಕೊಂಡವಳು.

ನಮಗೆ ಕಲಿಸುವವರನ್ನು ಎಲ್ಲರೂ ಅಕ್ಕೋರು ಎನ್ನುತ್ತೇವೆ. ಎಂಬತ್ತು ದಾಟಿದ ಸಣ್ಣ ಜೀವ. ಮನೆಯ ಹೊರಗಿನ ಕೋಣೆಯಲ್ಲಿ ಆರು ಮಂದಿ ಹೆಣ್ಣುಮಕ್ಕಳಿಗೆ ಮತ್ತು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಒಬ್ಬ ಬ್ಯಾಂಕಿನ ಸಾಹೇಬರಿಗೆ ಪಾಠ ಹೇಳುತ್ತಾರೆ. ವರ್ಷವೆಲ್ಲ ನಾವು ಫೋನಿನೊಳಗಿನ ತಂಬೂರಿ ಹಚ್ಚಿಕೊಂಡು ಹಾಡಿದರೂ ಅವರು ಏನೂ ಅನ್ನುವುದಿಲ್ಲ. ಗುರುಪೂರ್ಣಿಮೆಯ ದಿನ ಮಾತ್ರ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಗೆ ಬೀಳಬೇಕು. ಆ ದಿನ ಪ್ರತಿಯೊಬ್ಬರೂ ಹತ್ತು ನಿಮಿಷ ಹಾಡಬೇಕು, ಹಾಡುವ ಮುಂಚೆ ನಾಲ್ಕು ತಂತಿಯ ನಿಜವಾದ ತಂಬೂರಿಯನ್ನು ಎಲ್ಲರ ಮುಂದೆ ತಾವೇ ಶ್ರುತಿ ಕೂಡಿಸಬೇಕು. ಪೇಟಿಯವರು ಒಂದೇ ಒಂದು ಸಲ ‘ಸಾ’ ಕೊಡುತ್ತಾರೆ. ಅಲ್ಲಿಂದ ಮುಂದೆ ನಿಮ್ಮ ಕಿವಿ, ನಿಮ್ಮ ಪುಣ್ಯ. ಕೂಡಿದರೆ ಅಕ್ಕೋರು “ಹ್ಞೂಂ” ಎನ್ನುತ್ತಾರೆ, ಹಾಡಬಹುದು. ಕೂಡದಿದ್ದರೆ “ಇರ್ಲಿ ಬಿಡು, ಮುಂದಿನವರು ಬರ್ರಿ” ಎನ್ನುತ್ತಾರೆ. ಬೈಯುವುದಿಲ್ಲ. ಕೂಡಿಸಿದವರಿಗೂ ಕೂಡಿಸದವರಿಗೂ ಅದೇ ದ್ರಾಕ್ಷಿ ಗೋಡಂಬಿ ಹಾಕಿದ ಶಿರಾ.

ಹೋದ ವರ್ಷ ನನ್ನ ತಂಬೂರಿ ಕೂಡಲಿಲ್ಲ. ಇಪ್ಪತ್ತು ನಿಮಿಷ ಬಿರಡೆ ತಿರುವಿ ಬೆವರಿ, ಅಕ್ಕೋರ “ಇರ್ಲಿ ಬಿಡು” ಕೇಳಿ, ಗೋಡೆಗೆ ಹೋಗಿ ಕುಳಿತೆ. ಶಿರಾ ತಿಂದು ಮನೆಗೆ ಬಂದೆ. ಮುಂದಿನ ವರ್ಷ ಹಾಡಿಯೇ ತೀರುವೆನೆಂದು ಅವತ್ತೇ ನಿಶ್ಚಯಿಸಿದ್ದೆ. ಗುಂಯ್ ಬಂದಾಗ ಗುರುಪೂರ್ಣಿಮೆಗೆ ಮೂರೂವರೆ ತಿಂಗಳು ಉಳಿದಿತ್ತು. ಅದು ಹೋಗದಿದ್ದರೆ ಈ ವರ್ಷವೂ ನಾನು ಬರೀ ಶಿರಾ ತಿಂದು ಬರಬೇಕಿತ್ತು.

ನಮ್ಮ ಮನೆಯವರು ಮೂವತ್ನಾಲ್ಕು ವರ್ಷ ಸಾಲೆಯಲ್ಲಿ ಗಣಿತ ಕಲಿಸಿದ ಮಾಸ್ತರರು. ಸಾ ಯಾವುದು ಪಾ ಯಾವುದು ಅವರಿಗೆ ತಿಳಿಯದು. ನಾನು ಹಾಡುವಾಗ ಛಲೋ ಆತು ಎನ್ನುತ್ತಾರೆ, ಗಂಟಲು ಸರಿಮಾಡಿಕೊಂಡರೂ ಛಲೋ ಆತು ಎನ್ನುತ್ತಾರೆ. ನನ್ನ ಕಿವಿಯ ವಿಷಯ ಕೇಳಿ ಅವರು ಮೊದಲು ಮಾಡಿದ ಕೆಲಸವೆಂದರೆ, ಅಡುಗೆಮನೆಯಲ್ಲಿ ನಿಂತಿದ್ದ ನನ್ನ ಕಿವಿಗೆ ತಮ್ಮ ಕಿವಿ ಹಚ್ಚಿ ಕೇಳಿಸಿಕೊಂಡದ್ದು. ಕೈಯಲ್ಲಿ ಸೌಟು ಹಿಡಿದು ನಾನೂ ಉಸಿರು ಬಿಗಿಹಿಡಿದು ನಿಂತೆ.

“ನನಗೇನೂ ಕೇಳವಲ್ದು,” ಎಂದರು, ತಪ್ಪು ತಮ್ಮದೇ ಎನ್ನುವ ದನಿಯಲ್ಲಿ.

ಮರುದಿನ ಒಂದು ಗ್ರಾಫ್ ಹಾಳೆ ತಂದು ಕಪಾಟಿನ ಬಾಗಿಲಿಗೆ ಅಂಟಿಸಿದರು. ದಿನಾ ಬೆಳಿಗ್ಗೆ ಚಹಾದ ಜೊತೆ ಒಂದೇ ಪ್ರಶ್ನೆ: “ಇವತ್ತ ಹತ್ತಕ್ಕ ಎಷ್ಟು?” ನಾನು ಆರು ಎಂದರೆ ಆರಕ್ಕೆ ಒಂದು ಚುಕ್ಕೆ. ಸಿಟ್ಟಿನಲ್ಲಿದ್ದರೆ ಹನ್ನೊಂದು ಎನ್ನುತ್ತಿದ್ದೆ. ಹತ್ತಕ್ಕೆ ಹನ್ನೊಂದು ಬರುವುದಿಲ್ಲ ಎಂದು ಅವರು ಅದನ್ನು ಬರೆದುಕೊಳ್ಳುತ್ತಿರಲಿಲ್ಲ.

ಇನ್ನು ಊರಿನ ಔಷಧ. ಒಬ್ಬರಿಗೆ ಹೇಳಿದ್ದೇ ತಡ, ಮಾಳಮಡ್ಡಿಯಲ್ಲಿ ಅರ್ಧ ಜನಕ್ಕೆ ಗುಂಯ್ ಇರುವುದು ಗೊತ್ತಾಯಿತು. ಒಬ್ಬರಿಗೆ ಮಿಕ್ಸರ್ ಹಾಗೆ, ಒಬ್ಬರಿಗೆ ಜೀರುಂಡೆ ಹಾಗೆ, ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿಗೆ ಮಾತ್ರ ಸೀಟಿಯ ಹಾಗೆಯೇ ಕೇಳುತ್ತಿತ್ತಂತೆ. ಎಲ್ಲರ ಹತ್ತಿರವೂ ಒಂದೊಂದು ವಿಟಮಿನ್ ಡಬ್ಬಿ ಇತ್ತು, ಯಾರ ಗುಂಯ್ ಕೂಡ ಹೋಗಿರಲಿಲ್ಲ, ಆದರೂ ಎಲ್ಲರಿಗೂ ತಮ್ಮ ಡಬ್ಬಿಯ ಮೇಲೆ ಅಪಾರ ನಂಬಿಕೆ. ಕಾಕು ಝಿಂಕ್ ಕೊಟ್ಟರು. ಯೋಗದ ಗೆಳತಿ ಯಾವುದೋ ಪರದೇಶದ ಎಲೆಯ ರಸ ಸೇರಿದ ಗುಳಿಗೆ ತಂದಳು, ಅದನ್ನು ತಿಂದರೆ ತಲೆಗೆ ರಕ್ತ ಏರುತ್ತದಂತೆ. ಇವಳಿಗೆ ಏರುವುದಕ್ಕೆ ಗುಳಿಗೆ ಬೇಕಾಗಿಲ್ಲ ಎಂದು ನಮ್ಮ ಮನೆಯವರು ಮೆಲ್ಲಗೆ ಅಂದರು. ಅವರೇ ತಮ್ಮ ಹಳೆಯ ಸಹೋದ್ಯೋಗಿಯ ಮಾತು ಕೇಳಿ ನರಕ್ಕೆ ಒಳ್ಳೆಯದೆಂಬ ಇನ್ನೊಂದು ಡಬ್ಬಿ ತಂದರು. ಎಲ್ಲಕ್ಕೂ ಮೇಲೆ ಇರಲಿ ಎಂದು ಇಪ್ಪತ್ಮೂರು ಸತ್ವಗಳ ನಾಲ್ಕನೆಯದೂ ಬಂತು.

ನಾಲ್ಕನ್ನೂ ಒಟ್ಟಿಗೆ ಶುರು ಮಾಡಿದೆವು. ಯಾವುದು ಕೆಲಸ ಮಾಡಿತೆಂದು ಹೇಗೆ ಗೊತ್ತಾಗಬೇಕು ಎಂದು ಮಾಸ್ತರರೇ ಕೇಳಬೇಕಿತ್ತು. ಅವರಿಗೂ ಅವಸರ. ಹತ್ತು ದಿನದಲ್ಲಿ ನನ್ನ ಬಾಯಿ ತಾಮ್ರದ ಚಮಚೆ ಕಚ್ಚಿಕೊಂಡಂತೆ ಆಯಿತು. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತಿತ್ತು. ಬಚ್ಚಲಿಗೆ ಹೋದರೆ ಅರಿಶಿನ ಕದಡಿದ ಬಣ್ಣ ನೋಡಿ ಹೆದರಿದೆ. ಗುಂಯ್ ಮಾತ್ರ ಆರಕ್ಕೆ ಆರು, ಒಂದು ಚುಕ್ಕೆಯೂ ಆಚೆ ಈಚೆ ಆಗಲಿಲ್ಲ.

ಐದನೆಯ ಡಬ್ಬಿ ಕೇಳಲು ಸಪ್ತಾಪುರದ ನಮ್ಮ ಔಷಧದ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ನಮ್ಮ ಮನೆಯವರ ಹಳೆಯ ವಿದ್ಯಾರ್ಥಿ, ಈಗ ಅವರ ಗಡ್ಡವೂ ಬಿಳಿಯಾಗಿದೆ. ನನ್ನ ಕಥೆ ಪೂರ್ತಿ ಕೇಳಿ, “ಈಗ ಇರೂ ಡಬ್ಬಿ ಎಲ್ಲಾ ತಗೊಂಡ ಬರ್ರಿ, ಆಮ್ಯಾಲೆ ಕೊಡ್ತೇನಿ,” ಎಂದರು. ನಮ್ಮ ಮನೆಯವರು ಸ್ಕೂಟರಿನಲ್ಲಿ ಹೋಗಿ ತಂದರು. ಸಾಹೇಬರು ನಾಲ್ಕನ್ನೂ ಗಾಜಿನ ಮೇಲೆ ಸಾಲಾಗಿಟ್ಟು, ಕನ್ನಡಕ ಹಣೆಗೇರಿಸಿ, ಇರುವೆಯಷ್ಟು ಸಣ್ಣ ಅಕ್ಷರ ಓದತೊಡಗಿದರು.

“ಇದು ಝಿಂಕ್. ಇದರಾಗೂ ಝಿಂಕ್. ಈ ಮೂರನೇದರಾಗೂ ಐತ್ರಿ. ಅಕ್ಕಾರ, ಇಷ್ಟ ಝಿಂಕ್‌ನ್ಯಾಗ ಒಂದ ಮನಿಗೆ ತಗಡ ಹೊದಸಬಹುದಿತ್ತಲ್ರಿ. ಬಿ ಆರು ಎರಡು ಡಬ್ಬಿ ಕೂಡಿದ್ರ ಭಾಳ ಆಕ್ಕೈತಿ. ಅದು ದಿನಗಟ್ಟಲೆ ಹೆಚ್ಚಾದ್ರ ನರಕ್ಕ ಛಲೋ ಅಲ್ರಿ, ಕೆಡುಕು.”

“ಮತ್ತ ಇದು ವಿಟಮಿನ್ನ ಅಲ್ಲೇನು? ಹೆಚ್ಚಾದ್ರ ಏನಾಕ್ಕೈತಿ?” ಎಂದು ನಮ್ಮ ಮನೆಯವರು.

“ಸರ, ನೀವ ಕಲಿಸಿದ್ರಿ. ಸಮೀಕರಣದಾಗ ಎಡಕ್ಕಿದ್ದಷ್ಟು ಬಲಕ್ಕೂ ಇರಬೇಕು ಅಂತ. ಮೊದಲ ಎಷ್ಟ ಕಡಿಮಿ ಐತಿ ನೋಡ್ಸ್ರಿ, ಅಷ್ಟ ಕೂಡಸ್ರಿ. ಹುಬ್ಬಳ್ಳ್ಯಾಗ ಕಿವಿ ಡಾಕ್ಟರ್ ಅದಾರ, ಅವರ ಕಡೆ ಹೋಗ್ರಿ. ಐದನೇ ಡಬ್ಬಿ ನಾ ಕೊಡೂದಿಲ್ಲ.”

ವಿದ್ಯಾರ್ಥಿಯಿಂದ ಪಾಠ ಹೇಳಿಸಿಕೊಂಡ ಮಾಸ್ತರರು ನಾಲ್ಕೂ ಡಬ್ಬಿ ಮತ್ತೆ ಚೀಲಕ್ಕೆ ತುಂಬಿಕೊಂಡರು. ಮನೆಗೆ ಬಂದ ಮೇಲೆ, “ಸಾಲ್ಯಾಗ ಭಾಳ ಹುಷಾರಿದ್ದ ಅಂವ,” ಎಂದು ಹೆಮ್ಮೆಪಟ್ಟರು.

ಹುಬ್ಬಳ್ಳಿಯ ಡಾಕ್ಟರು ನನ್ನ ಸೊಸೆಯ ವಯಸ್ಸಿನ ಹುಡುಗಿ. ನನ್ನನ್ನು ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕೆಂದರು. ಹಳೆಯ ನೌಕರಿ ಮತ್ತೆ ಸಿಕ್ಕ ಹುಮ್ಮಸ್ಸಿನಲ್ಲಿ ನಾನು ಟಕಟಕ ಒತ್ತಿದ್ದೇ ಒತ್ತಿದ್ದು. ಹೊರಗಿನಿಂದ ಅವರು ಬಾಗಿಲು ತೆರೆದು, “ಅಮ್ಮಾ, ನಾವಿನ್ನೂ ಶುರುನ ಮಾಡಿಲ್ರಿ,” ಎಂದರು.

ಪರೀಕ್ಷೆ ಮುಗಿದ ಮೇಲೆ ಅವರು ನಿಧಾನವಾಗಿ ಹೇಳಿದರು. “ವಯಸ್ಸಿಗೆ ತಕ್ಕಂಗ ಮ್ಯಾಲಿನ ಸ್ವರದ ಶಬ್ದ ಸ್ವಲ್ಪ ಕಡಿಮಿ ಕೇಳಾಕತ್ತಾವ್ರಿ. ಕಿವಿ ಕಳಸಲಾರದ್ದನ್ನ ಮಿದುಳು ತಾನ ಹುಟ್ಟಿಸಿ ತುಂಬತೈತಿ. ಹೆದರೂವಂಥಾದ್ದೇನಿಲ್ಲ. ಪೂರ್ತಿ ಶಾಂತ ಜಾಗಾದಾಗ ಕೂಡಬ್ಯಾಡ್ರಿ, ಸಣ್ಣಂಗ ಏನರೆ ಹಚ್ಕೋರಿ, ಅದರ ಕಡೆ ಲಕ್ಷ್ಯ ಕಡಿಮಿ ಆಕ್ಕೈತಿ.”

“ವಿಟಮಿನ್ ತಗೊಂಡ್ರ ಹೋಗತೈತೇನ್ರಿ?” ನಮ್ಮ ಮನೆಯವರು ಕುರ್ಚಿಯ ತುದಿಗೆ ಬಂದಿದ್ದರು.

“ರಕ್ತದಾಗ ಕಡಿಮಿ ಇದ್ರ ಕೊಡಬೇಕ್ರಿ. ಕಡಿಮಿ ಇಲ್ಲದವರಿಗೆ ಗುಳಿಗಿ ಕೊಟ್ರ ಗುಂಯ್ ಹೋಗತೈತಿ ಅಂತ ಹೇಳಾಕ ನನ್ನ ಕಡೆ ಆಧಾರ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಸುಸ್ತು ಆಗುತ್ತದೆಯೇ, ಪಾದ ಜುಮ್ಮೆನ್ನುತ್ತವೆಯೇ ಎಂದು ಕೇಳಿದರು. ಎರಡೂ ಇದ್ದವು. ಪಾದ ಜುಮ್ಮೆನ್ನುವುದು ಹಾಡಲು ಚಕ್ಕಳಮಕ್ಕಳ ಹಾಕಿ ಕೂರುವುದರಿಂದ ಎಂದು ನಾನು ತಿಳಿದಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿ ಹನ್ನೆರಡು ತಳ ಕಂಡಿತ್ತು. ಹುಟ್ಟಾ ಶಾಕಾಹಾರಿ, ಮೇಲೆ ನಾಲ್ಕು ವರ್ಷದಿಂದ ಹಾಲು ಮೊಸರು ಬಿಟ್ಟವಳು, ಆಗದೆ ಏನಾದೀತು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಮ್ಮ ಮನೆಯವರ ಮುಖ ಅರಳಿತು. ಕೊರತೆ ತುಂಬಿದರೆ ಸುಸ್ತು ಮತ್ತು ಪಾದದ ಜುಮ್ಮು ಕಡಿಮೆಯಾಗಬಹುದು, ಕಿವಿಯದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರೂ ಅವರಿಗೆ ಬೇಕಾದದ್ದು ಮಾತ್ರ ಕೇಳಿಸಿತ್ತು. ಚಿಗರಿ ಬಸ್ಸಿನಲ್ಲಿ ನವನಗರ ದಾಟುವಷ್ಟರಲ್ಲಿ ಗುರುಪೂರ್ಣಿಮೆಯ ಒಳಗೆ ಚುಕ್ಕೆ ಆರರಿಂದ ಎರಡಕ್ಕೆ ಇಳಿಯುವ ಲೆಕ್ಕ ಹಾಕಿ ಮುಗಿಸಿದ್ದರು. ಉಳಿದ ಡಬ್ಬಿಗಳೆಲ್ಲ ಅಟ್ಟ ಸೇರಿದವು. ದಿನಕ್ಕೊಂದು ಕೆಂಪು ಗುಳಿಗೆ, ನಾಲಿಗೆಯ ಕೆಳಗೆ.

ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನೇ ಹೊಣೆ. ಗುಳಿಗೆ ಶುರು ಮಾಡಿ ತಿಂಗಳಾಗಿತ್ತು. ಒಂದು ಬೆಳಿಗ್ಗೆ ರಿಯಾಜಿಗೆ ಕುಳಿತು, ಫೋನಿನ ತಂಬೂರಿ ಹಚ್ಚುವ ಮುಂಚೆ ಸುಮ್ಮನೆ ಗುಂಯ್ ಕೇಳುತ್ತಿದ್ದೆ. ಅದರ ಜೊತೆ ಮೆಲ್ಲಗೆ ದನಿ ಸೇರಿಸಿದೆ. ಆಮೇಲೆ ಫೋನು ಹಚ್ಚಿ ನೋಡಿದರೆ, ನನ್ನ ದನಿ ಸರಿಯಾಗಿ ಕಾಳಿ ಚಾರ್ ಮೇಲೆ ನಿಂತಿತ್ತು. ಪೇಟಿಯ ನಾಲ್ಕನೆಯ ಕಪ್ಪು ಮನೆ, ನಾನು ಹಾಡುವ ಷಡ್ಜ. ಮರುದಿನ ನೋಡಿದೆ, ಅದೇ. ಐದು ದಿನ ನೋಡಿದೆ, ಐದೂ ದಿನ ಅದೇ. ನನ್ನ ಗುಂಯ್ ಎರಡು ಮೂರು ಸಪ್ತಕ ಮೇಲೆ ನಿಂತು ನನ್ನದೇ ಸಾ ಹಾಡುತ್ತಿತ್ತು.

ಧಾರವಾಡದಲ್ಲಿ ಹಾಡು ಕಲಿಯುವವಳ ಬುದ್ಧಿ ಬೇರೆ ಯಾವ ಕಡೆ ಓಡೀತು. ಜಗತ್ತಿನ ಇತರರಿಗೆ ಅದು ರೋಗ, ನನಗೆ ದೇವರು ಬಿಟ್ಟಿ ಕೊಟ್ಟ ತಂಬೂರಿ. ಪೇಟಿಯವರು ಸಾ ಕೊಟ್ಟದ್ದು ಎರಡು ನಿಮಿಷದಲ್ಲಿ ಮರೆತುಹೋಗುತ್ತದೆ ಎನ್ನುವುದೇ ನನ್ನ ಕಷ್ಟವಾಗಿತ್ತು. ಇನ್ನು ಮರೆಯುವ ಮಾತೇ ಇಲ್ಲ, ಕಿವಿಯೊಳಗೇ ಇದೆ. ಫೋನು ಬುಟ್ಟಿಗೆ ಹಾಕಿಸಿಕೊಳ್ಳುವ ಅಕ್ಕೋರಿಗೆ ಇದನ್ನು ಬುಟ್ಟಿಗೆ ಹಾಕಿಸಲು ಆಗುವುದಿಲ್ಲ ಎಂದು ನೆನೆದು ಒಬ್ಬಳೇ ನಕ್ಕೆ.

ನಗುತ್ತಿದ್ದಂತೆ ಎದೆ ಧಸಕ್ಕೆಂದಿತು. ಗುಳಿಗೆ ಕೆಲಸ ಮಾಡಿ ಗುಂಯ್ ಹೋಗಿಬಿಟ್ಟರೆ? ಆ ದಿನದಿಂದ ನಾನು ಕೆಂಪು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ, ಕೈಯಲ್ಲಿಟ್ಟುಕೊಂಡು, ಅಡುಗೆಮನೆಗೆ ಹೋಗಿ ಏಲಕ್ಕಿ ಡಬ್ಬಿಯಲ್ಲಿ ಹಾಕತೊಡಗಿದೆ. ಗುರುಪೂರ್ಣಿಮೆ ಮುಗಿಯಲಿ, ಆಮೇಲೆ ಎಲ್ಲ ನುಂಗೋಣ ಎಂದುಕೊಂಡೆ. ಬೆಳಿಗ್ಗೆ ಅವರು ಹತ್ತಕ್ಕೆ ಎಷ್ಟು ಎಂದರೆ, ಆರು ಎಂದು ಸಮಾಧಾನದಿಂದ ಹೇಳುತ್ತಿದ್ದೆ.

ಗುರುಪೂರ್ಣಿಮೆಗೆ ಮೂರು ವಾರ ಇರುವಾಗ ಅಕ್ಕೋರು ಪಾಠದಲ್ಲಿ ಎಲ್ಲರಿಗೂ ಒಮ್ಮೆ ತಂಬೂರಿ ಕೂಡಿಸಲು ಹೇಳಿದರು. ಹೊರಗೆ ಜಿಟಿಜಿಟಿ ಮಳೆ, ತಂತಿಗಳೆಲ್ಲ ಇಳಿದಿದ್ದವು. ನನ್ನ ಸರದಿ ಬಂತು. ನಾನು ಪೇಟಿಯ ಸಾ ಕೇಳಿದಂತೆ ಮಾಡಿ, ಕಣ್ಣು ಮುಚ್ಚಿ, ಒಳಗಿನ ಗುಂಯ್ ಹಿಡಿದು ಸರಸರ ಬಿರಡೆ ತಿರುವಿದೆ. ಮೂರೇ ನಿಮಿಷ. ಗೆಳತಿಯರು ಬೆರಗಾಗಿ ನೋಡಿದರು. ಹೋದ ವರ್ಷ ಇಪ್ಪತ್ತು ನಿಮಿಷ ಒದ್ದಾಡಿದವಳು ಇವಳೇನಾ ಎನ್ನುವ ಹಾಗೆ. ನಾನು ಗತ್ತಿನಿಂದ ತಂತಿ ಮಿಡಿದೆ. ಬ್ಯಾಂಕಿನ ಸಾಹೇಬರು ಪೇಟಿ ಒತ್ತಿದರು. ತಂಬೂರಿಯ ಸಾ ಒಂದು ಕಡೆ, ಪೇಟಿಯ ಸಾ ಒಂದು ಕಡೆ. ನಾನು ಕೂಡಿಸಿದ್ದು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ ಹೋಗಿ ಕುಳಿತಿತ್ತು. ಆ ದಿನ ನನ್ನ ಗುಂಯ್ ಹೇಳದೆ ಕೇಳದೆ ಜಾಗ ಬದಲಿಸಿತ್ತು.

“ಇದು ಯಾರ ಸಾ?” ಎಂದರು ಅಕ್ಕೋರು.

“ನಂದರೀ.”

“ಎಲ್ಲಿಂದ ತಂದಿ?”

ಸುಳ್ಳು ಹೊಳೆಯಲಿಲ್ಲ. ಕಿವಿ ತೋರಿಸಿದೆ. ಕಾಕುವಿನ ಮನೆಗೆ ಜಗಳಕ್ಕೆ ಹೋದದ್ದರಿಂದ ಏಲಕ್ಕಿ ಡಬ್ಬಿಯ ತನಕ ಎಲ್ಲ ಹೇಳಿದೆ. ಗೆಳತಿಯರು ಬಿದ್ದು ಬಿದ್ದು ನಕ್ಕರು. ಅಕ್ಕೋರು ನಗಲಿಲ್ಲ.

“ಕುಣಿಲಿಕ್ಕೆ ಬರಲಾರದಾಕಿ ಅಂಗಳಾ ಡೊಂಕು ಅಂತಾಳ. ನೀ ಡೊಂಕ ಅಂಗಳಾನ ನೆಟ್ಟಗದ ಅಂತ ತಿಳಕೊಂಡು ಕುಣದಿ,” ಎಂದರು. ಆಮೇಲೆ ಹತ್ತಿರ ಕರೆದು, ತಂಬೂರಿ ನೆಟ್ಟಗೆ ಹಿಡಿಸಿ, ನನ್ನ ಗದ್ದ ಹಿಡಿದು ದವಡೆಯ ಎಲುಬನ್ನು ಅದರ ದಂಡಿಗೆ ತಾಗಿಸಿದರು. “ನಡುವಿನ ಎರಡು ತಂತಿ ಕೂಡಲಾರದಾಗ ಅವುಗಳ ನಡುವ ಒಂದು ತೆರಿ ಏಳ್ತದ. ವಾಂವ್ ವಾಂವ್ ಅಂತದ. ಕಿವಿಗೆ ಬ್ಯಾಡ, ಎಲಬಿಗೆ ಕೇಳು. ಹತ್ರ ಬಂದಂಗ ತೆರಿ ನಿಧಾನ ಆಗ್ತದ. ಕೂಡಿದ್ರ ನಿಲ್ತದ.”

ಅವರು ತಂತಿಯ ಬುಡದಲ್ಲಿನ ಶ್ರುತಿಯ ಮಣಿ ಸರಿಸಿದರು. ನನ್ನ ದವಡೆಯೊಳಗೆ ನಿಜವಾಗಿಯೂ ಒಂದು ಅಲುಗಾಟ ಬಂತು, ನಿಧಾನವಾಯಿತು, ಮತ್ತೆ ಬಂತು.

“ನಿನ್ನ ಗುಂಯ್‌ಗೆ ತೆರಿ ಇಲ್ಲ. ಅದು ಯಾವ ತಂತಿ ಜೋಡಿನೂ ಕೂಡಂಗಿಲ್ಲ, ಜಗಳಾನೂ ಆಡಂಗಿಲ್ಲ. ಅದನ್ನ ನಂಬಬ್ಯಾಡ, ಅದಕ್ಕ ಅಂಜಲೂಬ್ಯಾಡ.”

ಇದನ್ನು ನಿಮ್ಮ ಗುರುಗಳು ಹೇಳಿಕೊಟ್ಟಿದ್ದೇ ಎಂದು ಕೇಳಿದೆ. “ಇಲ್ಲ. ನಾನ ಕಂಡಕೊಂಡದ್ದು,” ಎಂದು ಅವರು ಮುಂದಿನವಳನ್ನು ಕರೆದರು.

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ನಮ್ಮ ಮನೆಯವರು ಸಂಜೆಯ ಚಹಾಕ್ಕೆ ಏಲಕ್ಕಿ ಹುಡುಕಿದ್ದರು. ತಟ್ಟೆಯಲ್ಲಿ ಹನ್ನೊಂದು ಕೆಂಪು ಗುಳಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದರು. ಚಹಾ ಆರಿಹೋಗಿತ್ತು.

“ಕಪಾಟಿನ ಮ್ಯಾಲಿನ ಚುಕ್ಕಿ ಎಲ್ಲಾ ಸುಳ್ಳಾದವಲ್ಲ,” ಎಂದರು. ಗುಳಿಗೆಗಳ ಸಾಲನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತ, “ಅದ ಹೋಗ್ಲಿ. ನನಗ ನಿನ್ನ ಕಿವ್ಯಾಗಿಂದು ಕೇಳಂಗಿಲ್ಲ. ಮಾಡಾಕ ಬರೂದು ಇದೊಂದ ಆಗಿತ್ತು,” ಎಂದರು.

ನನಗೆ ಬಹಳ ಕೆಟ್ಟದೆನಿಸಿತು. ಎದುರಿಗೆ ಕುಳಿತು ಒಂದು ಗುಳಿಗೆ ಎತ್ತಿ ನಾಲಿಗೆಯ ಕೆಳಗಿಟ್ಟು, ಬಾಯಿ ತೆರೆದು ತೋರಿಸಿದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಕ್ಕೆ ಹತ್ತಿದರು, ನನಗೂ ತಡೆಯಲಾಗಲಿಲ್ಲ, ಗುಳಿಗೆ ಹೊರಗೆ ಬಿತ್ತು. ಅದನ್ನು ತೊಳೆದು ಮತ್ತೆ ಕೊಟ್ಟರು.

ಅವತ್ತು ಸಂಜೆ ಫೋನು ಬಿಟ್ಟು, ಮೂಲೆಯಲ್ಲಿದ್ದ ನನ್ನ ನಾಲ್ಕು ತಂತಿಯ ತಂಬೂರಿಯ ಗವಸು ತೆಗೆದೆ, ರಿಯಾಜಿಗೆ ಒಬ್ಬ ಜೊತೆಗಾರನೂ ಸಿಕ್ಕ. ದವಡೆಯ ವಿಷಯ ಕೇಳಿ ಅವರೂ ದಂಡಿಯ ಇನ್ನೊಂದು ಬದಿಗೆ ಗದ್ದ ಹಚ್ಚಿದರು. ಸಾ ಪಾ ತಿಳಿಯದ ಮನುಷ್ಯನಿಗೆ ತೆರೆ ಮಾತ್ರ ಚೆನ್ನಾಗಿ ತಿಳಿಯಿತು. ಕೈಗಡಿಯಾರ ನೋಡುತ್ತ, “ಸೆಕೆಂಡಿಗೆ ಮೂರು. ಈಗ ಎರಡು. ಒಂದು. ಏ, ದಾಟಿಸಿದಿ, ಮತ್ತ ಎರಡಾತು,” ಎಂದು ಎಣಿಸತೊಡಗಿದರು. ನಾಲ್ಕನೆಯ ದಿನ ಅವರಿಗೆ ಅರ್ಥವಾಯಿತು. “ಇದು ಬರೇ ವಜಾಬಾಕಿ ಐತಲ್ಲ. ಒಂದ ತಂತಿಯಾಗಿಂದ ಇನ್ನೊಂದ ಕಳದ್ರ ಸೊನ್ನಿ ಬರಬೇಕು, ಅಷ್ಟ. ಇಷ್ಟ ವರ್ಷ ನನಗ ಯಾರೂ ಹೇಳಲಿಲ್ಲ ನೋಡು, ಸಂಗೀತ ಇಷ್ಟ ಸರಳ ಐತಿ ಅಂತ.” ಹಾಗೆ ಇಬ್ಬರೂ ಒಂದೇ ತಂಬೂರಿಗೆ ಎರಡು ಕಡೆಯಿಂದ ಮುಖ ಒತ್ತಿಕೊಂಡು ಕುಳಿತಿರುವಾಗ ಕಾಕು ಸಾರು ಕೊಡಲು ಬಂದು, ನೋಡಿ, ಏನೂ ಕೇಳದೆ ಪಾತ್ರೆ ಇಟ್ಟು ಹೋದರು.

ಗುಳಿಗೆ ತಪ್ಪಿಸಲಿಲ್ಲ. ಪಾದದ ಜುಮ್ಮು ಹೋಯಿತು. ಮಧ್ಯಾಹ್ನದ ಸುಸ್ತೂ ಹೋಯಿತು, ಮೆಟ್ಟಿಲು ಹತ್ತುವಾಗ ಅದು ನನಗೇ ತಿಳಿಯುತ್ತಿತ್ತು. ಗುಂಯ್ ಆರರಿಂದ ಐದಕ್ಕೆ ಬಂತೋ, ನನಗೆ ಅದರ ಮೇಲಿನ ಸಿಟ್ಟು ಇಳಿದು ಐದೆನಿಸಿತೋ ಹೇಳಲಾರೆ. ನಮ್ಮ ಮನೆಯವರು ಐದಕ್ಕೆ ಚುಕ್ಕೆ ಇಟ್ಟು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಗುರುಪೂರ್ಣಿಮೆಯ ದಿನ ಅಕ್ಕೋರ ಕೋಣೆ ತುಂಬಿತ್ತು. ಮನೆಯವರಿಗೆಲ್ಲ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ನನ್ನ ಸರದಿ ಕೊನೆಯದು. ಪೇಟಿ ಒಂದು ಸಲ ಸಾ ಕೊಟ್ಟು ನಿಂತಿತು. ನಾನು ನಡುವಿನ ಜೋಡಿ ತಂತಿಗಳಲ್ಲಿ ಒಂದನ್ನು ಆ ಸಾ ಸ್ವರಕ್ಕೆ ತಂದು, ಇನ್ನೊಂದನ್ನು ಅದರ ಹತ್ತಿರ ತಂದು, ದವಡೆ ದಂಡಿಗೆ ಹಚ್ಚಿದೆ. ಗುಂಯ್ ತನ್ನ ಪಾಡಿಗೆ ತಾನು ಯಾವುದೋ ಸ್ವರ ಹಿಡಿದು ನಿಂತಿತ್ತು. ನಿಂತುಕೊಳ್ಳಲಿ ಎಂದು ಬಿಟ್ಟೆ. ಎಲುಬಿನೊಳಗೆ ತೆರೆ ಬೀಳುತ್ತಿತ್ತು. ಬಿರಡೆ ಕೂದಲೆಳೆಯಷ್ಟು ತಿರುವಿದೆ, ಆಮೇಲೆ ಮಣಿ ಸರಿಸಿದೆ. ಯಾರೋ ಕೆಮ್ಮಿದರು. ಕೈ ಬೆವರಿ ಬಿರಡೆ ಜಾರಿತು, ಸೆರಗಿಗೆ ಒರೆಸಿಕೊಂಡೆ. ತೆರೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ನಿಂತಿತು. ಪಂಚಮದ ತಂತಿ, ಕೆಳಗಿನ ಸಾ ನುಡಿಯುವ ಖರಜದ ತಂತಿ ಕೂಡಿಸಿ ನಾಲ್ಕೂ ತಂತಿ ಮಿಡಿದೆ. ಆ ನಾದದೊಳಗೆ ಗುಂಯ್ ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ.

“ಹ್ಞೂಂ,” ಎಂದರು ಅಕ್ಕೋರು.

ಭೂಪ ರಾಗ ಹಾಡಿದೆ. ಒಂದು ಕಡೆ ತಾಳ ತಪ್ಪಿತು, ಎರಡನೆಯ ತಾನ ಅರ್ಧಕ್ಕೇ ಮರೆತೆ. ಪಡಸಾಲೆಯಿಂದ ನಮ್ಮ ಮನೆಯವರು ತಪ್ಪಿದ ಜಾಗಕ್ಕೇ ಸರಿಯಾಗಿ ತಲೆದೂಗಿದರು. ಮುಗಿಸಿ ನಮಸ್ಕಾರ ಮಾಡಿದಾಗ ನನಗಾದ ಸಂತೋಷ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಎಲ್ಲರ ನಂತರ ಅಕ್ಕೋರು ಹಾಡಿ ಮುಗಿಸುವುದು ಪದ್ಧತಿ. ಅವರ ತಂಬೂರಿಯೇ ಬೇರೆ, ಅವರ ಗುರುಗಳದು, ಅದನ್ನು ಇತರರು ಮುಟ್ಟುವುದಿಲ್ಲ. ನಾನು ಏಳಲು ಹೋದಾಗ ಅವರು ಅದನ್ನು ನನ್ನ ಕಡೆ ಸರಿಸಿದರು.

“ಇದನ್ನೂ ಕೂಡಿಸು.”

ಪರೀಕ್ಷೆ ಇನ್ನೂ ಮುಗಿದಿಲ್ಲವೇನೋ ಎಂದುಕೊಂಡೆ. ಅವರು ನನ್ನ ಕಡೆ ಬಾಗಿ, ಬೇರೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು. “ಎರಡು ವರ್ಷ ಆತು, ಜೋಡಿ ತಂತಿ ಕೂಡಿದ್ದು ನನ್ನ ಕಿವಿಗೆ ತಿಳಿವಲ್ತು. ನಿಮಗೆಲ್ಲಾ ಮುಖಾ ನೋಡಿ ಹ್ಞೂಂ ಅಂತೀನಿ. ದವಡಿ ಹಚ್ಚಿ ಹೆಂಗೋ ಸಾಗಿಸಿದೆ. ಈಗ ಕೈಯೂ ನಡಗತಾವ.”

ನನಗೆ ಅಳು ಬಂತು. ದಂಡಿಗೆ ಮುಖ ಹಚ್ಚಿದ್ದರಿಂದ ಯಾರಿಗೂ ಕಾಣಲಿಲ್ಲ. ಹಳೆಯ ತಂಬೂರಿ, ಬಿರಡೆ ಬಿಗಿ, ನನ್ನ ತಂಬೂರಿಗಿಂತ ಎರಡರಷ್ಟು ಹೊತ್ತು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ಅಕ್ಕೋರು ನನ್ನ ಮುಖವನ್ನೇ ನೋಡುತ್ತ ಕೈಕಟ್ಟಿ ಕುಳಿತಿದ್ದರು. ತೆರೆ ನಿಂತ ಮೇಲೆ ನಾನು ತಲೆ ಎತ್ತಿದೆ.

“ಕೂಡ್ತೇನು?” ಎಂದು ಕೇಳಿದರು.

“ಕೂಡ್ತ್ರಿ,” ಎಂದೆ.

ಅವರು ಕಣ್ಣು ಮುಚ್ಚಿ ಹಾಡಲು ಶುರುಮಾಡಿದರು.